ಕುಕ್ಕರಗಾಲಲ್ಲಿ ಕೂತು, ಕೈಯೂರದೆ ಏಳುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಕುಕ್ಕರಗಾಲಲ್ಲಿ ಕೂರಲು ಹೋಗಿ ಸೋಲುವವರು ಹೆಚ್ಚಾಗಿ ಮೂರು ರೀತಿಯಲ್ಲಿ ಸೋಲುತ್ತಾರೆ. ಕೆಲವರಿಗೆ ಅರ್ಧ ಇಳಿಯುವಷ್ಟರಲ್ಲೇ ಹಿಮ್ಮಡಿ ನೆಲ ಬಿಟ್ಟು ಏಳುತ್ತದೆ. ಹಿಮ್ಮಡಿ ಊರಿಕೊಂಡೇ ಇಳಿದವರು ದೊಪ್ಪನೆ ಹಿಂದಕ್ಕೆ ಬೀಳುತ್ತಾರೆ. ಇನ್ನು ಕೆಲವರು ಹೇಗೋ ಕೂತುಬಿಡುತ್ತಾರೆ, ಏಳಲಾಗದೆ ಪಕ್ಕದಲ್ಲಿ ಗೋಡೆ ಹುಡುಕುತ್ತಾರೆ. ಮೂವರೂ ದೂರುವುದು ಮಂಡಿಯನ್ನೇ. ಎಣ್ಣೆ ತಿಕ್ಕಿ, ಪಟ್ಟಿ ಸುತ್ತಿ, ಮತ್ತೆ ಅದೇ ತಪ್ಪಿನಿಂದ ಶುರು ಮಾಡುತ್ತಾರೆ.

ಮೊದಲ ಎರಡು ಸೋಲಿನಲ್ಲಿ ಬಹುತೇಕ ಸಲ ಬಿಗಿದುಕೊಂಡಿರುವುದು ಪಾದದ ಕೀಲು. ಮೂರನೆಯದು ಬಲದ ಕೊರತೆ, ಜೊತೆಗೆ ಇರುವ ಬಲವನ್ನು ತಪ್ಪು ಕೀಲಿಗೆ ಹೊರಿಸಿದ್ದು. ಆದ್ದರಿಂದ ಇಲ್ಲಿನ ಕ್ರಮ ಹೀಗಿದೆ: ಎಲ್ಲಿ ಬಿಗಿದಿದೆ ಎಂದು ಪತ್ತೆ ಮಾಡುವುದು, ಅದನ್ನು ಬಿಡಿಸುವುದು, ಆಮೇಲೆ ಏಳುವುದನ್ನು ಕಲಿಯುವುದು, ಕಟ್ಟಕಡೆಗೆ ಪೂರ್ತಿ ಇಳಿಯುವುದು. ಇಳಿಯುವುದನ್ನು ಮೊದಲು ಕಲಿತವರೇ ನೆಲದ ಮೇಲೆ ಸಿಕ್ಕಿಹಾಕಿಕೊಳ್ಳುವುದು. ಒಟ್ಟು 6ರಿಂದ 12 ವಾರದ ಕೆಲಸ. ಪಾದದ ಕೀಲು ತುಂಬ ಬಿಗಿದಿದ್ದರೆ ಇನ್ನೂ ಹೆಚ್ಚು.

## ಯಾರು ವೈದ್ಯರನ್ನು ಕೇಳದೆ ಶುರು ಮಾಡಬಾರದು

ಮಂಡಿ ಅಥವಾ ಸೊಂಟದ ಕೀಲು ಬದಲಿಸಿಕೊಂಡವರು, ಈಚೆಗೆ ಹರ್ನಿಯಾ, ಬೆನ್ನು ಅಥವಾ ಕಾಲಿನ ಶಸ್ತ್ರಚಿಕಿತ್ಸೆ ಆದವರು, ಮೂಳೆ ಸವೆತದಿಂದ ಬೆನ್ನುಮೂಳೆ ಕುಸಿದವರು, ಮಂಡಿ ಊದಿಕೊಂಡಿರುವವರು ಮತ್ತು ಗರ್ಭಿಣಿಯರು ಮೊದಲು ಕೇಳಬೇಕು. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ಅಭ್ಯಾಸ ಮಾಡಬಹುದು. ಆದರೆ ತಳದಿಂದ ಧಡಕ್ಕನೆ ಎದ್ದರೆ ತಲೆ ಸುತ್ತುವ ಸಂಭವವಿದೆ. ಅವರು ಎದ್ದ ಮೇಲೆ ಹತ್ತು ಎಣಿಸುವವರೆಗೆ ಕಿಟಕಿ ಸರಳು ಹಿಡಿದೇ ನಿಲ್ಲಬೇಕು.

## ಬೇಕಾಗುವ ಸಾಮಾನು

ಕೈಯಿಲ್ಲದ, ಅಲುಗಾಡದ ಒಂದು ಕುರ್ಚಿ ಬೇಕು, ಕೂರುವ ಮಟ್ಟ ಸುಮಾರು 45 ಸೆಂ.ಮೀ. ಇರಲಿ. ಅದಕ್ಕಿಂತ ಗಿಡ್ಡನೆಯ ಒಂದು ಸ್ಟೂಲು, ಊಟದ ಮಣೆ, ಎತ್ತರ ಹೊಂದಿಸಲು ಹಳೆಯ ಪುಸ್ತಕಗಳು ಅಥವಾ ಮಡಚಿದ ಕಂಬಳಿ, ಹಿಮ್ಮಡಿ ಕೆಳಗಿಡಲು 2ರಿಂದ 3 ಸೆಂ.ಮೀ. ದಪ್ಪದ ಮರದ ಪಟ್ಟಿ, ಒಂದು ಅಳತೆ ಟೇಪು. ಹಿಡಿದುಕೊಳ್ಳಲು ಕಿಟಕಿ ಸರಳು ಎಲ್ಲಕ್ಕಿಂತ ಒಳ್ಳೆಯದು. ಬಾಗಿಲ ಹಿಡಿ ಬೇಡ, ಬಾಗಿಲೇ ತಿರುಗಿಬಿಡುತ್ತದೆ. ಪ್ಲಾಸ್ಟಿಕ್ ಸ್ಟೂಲು ನುಣುಪು ಟೈಲ್ಸ್ ಮೇಲೆ ಜಾರುತ್ತದೆ, ಅದರ ಬೆನ್ನಿಗೆ ಗೋಡೆ ಇರಲಿ.

ಬರಿಗಾಲಲ್ಲೇ ಮಾಡಿ. ಕಾಲುಚೀಲ ಬೇಡ. ಮೊದಲ ಪ್ರಯೋಗ ಬಚ್ಚಲಮನೆಯಲ್ಲಂತೂ ಬೇಡವೇ ಬೇಡ.

## ಹಂತ 1: ಮೂರು ಕೀಲು, ಒಂದು ತೂಕ

ಕುಕ್ಕರಗಾಲಲ್ಲಿ ಹಿಮ್ಮಡಿ ಊರಿ ಕೂತಾಗ ಮಂಡಿ ಸುಮಾರು 140 ಡಿಗ್ರಿಗೂ ಹೆಚ್ಚು ಮಡಚುತ್ತದೆ. ಸೊಂಟದ ಕೀಲು 110ರಿಂದ 120 ಡಿಗ್ರಿ ಮಡಚುತ್ತದೆ. ಪಾದದ ಕೀಲಿನಲ್ಲಿ ಕಣಕಾಲು, ಅಂದರೆ ಮಂಡಿಯಿಂದ ಪಾದದವರೆಗಿನ ಭಾಗ, ಮುಂದಕ್ಕೆ ಸುಮಾರು 35 ಡಿಗ್ರಿ ಬಾಗುತ್ತದೆ. ಕೊನೆಯ ಅಂಕಿ ಚಿಕ್ಕದಾಗಿ ಕಾಣುತ್ತದೆ, ಆದರೆ ಇಡೀ ಆಟ ನಿಂತಿರುವುದು ಅದರ ಮೇಲೆ.

ನಮ್ಮ ದೇಹದ ತೂಕದ ನಡುಬಿಂದು ಯಾವಾಗಲೂ ಪಾದದ ಮೇಲೆಯೇ ಇರಬೇಕು, ಹಿಮ್ಮಡಿಯಿಂದ ಹಿಂದಕ್ಕೆ ಹೋದರೆ ಬೀಳುತ್ತೇವೆ. ಕೂರುವಾಗ ಪೃಷ್ಠ ಹಿಂದಕ್ಕೆ ಹೋಗುತ್ತದೆ, ಆ ತೂಕ ಸರಿದೂಗಿಸಲು ಮಂಡಿ ಮುಂದಕ್ಕೆ ಹೋಗಬೇಕು. ಮಂಡಿ ಮುಂದಕ್ಕೆ ಹೋಗಬೇಕಾದರೆ ಕಣಕಾಲು ಪಾದದ ಮೇಲೆ ಬಾಗಬೇಕು. ಬಾಗಲಿಲ್ಲವೆಂದರೆ ದೇಹದ ಮುಂದೆ ಎರಡೇ ದಾರಿ: ಹಿಮ್ಮಡಿ ಎತ್ತು, ಇಲ್ಲವೇ ಹಿಂದಕ್ಕೆ ಬೀಳು. ಮೊದಲ ಎರಡು ಸೋಲಿನ ಗುಟ್ಟು ಇಷ್ಟೇ.

ಗಣಪತಿಯ ಮುಂದೆ ಕಿವಿ ಹಿಡಿದು ಬಸ್ಕಿ ಹೊಡೆಯುವಾಗ ಎಷ್ಟೋ ಜನರ ಹಿಮ್ಮಡಿ ಏಳುವುದನ್ನು ನೋಡಿರುತ್ತೀರಿ. ಕೈಗಳನ್ನು ಮುಂದೆ ಚಾಚಿದ್ದರೆ ಅವುಗಳ ತೂಕ ದೇಹವನ್ನು ಮುಂದಕ್ಕೆ ಹಿಡಿದಿಡುತ್ತಿತ್ತು. ಎದೆಗೆ ಅಡ್ಡಲಾಗಿ ಮಡಚಿದ್ದರಿಂದ ಆ ಸಹಾಯ ತಪ್ಪಿತು.

ಸ್ನಾಯುಗಳ ಬಗ್ಗೆ ಒಂದು ಮಾತು ನೆನಪಿಟ್ಟರೆ ಸಾಕು: ಸ್ನಾಯು ಎಳೆಯಬಲ್ಲದು, ತಳ್ಳಲಾರದು. ಹಾಗಾಗಿ ಕೀಲಿನ ಒಂದು ಬದಿಯದು ಎಳೆಯುವಾಗ ಎದುರು ಬದಿಯದು ಸಡಿಲ ಬಿಟ್ಟುಕೊಡಬೇಕು. ಬಿಟ್ಟುಕೊಡದ ಸ್ನಾಯುವನ್ನು ಪತ್ತೆ ಮಾಡುವುದೇ ಮುಂದಿನ ಹಂತ.

## ಹಂತ 2: ಎಲ್ಲಿ ಬಿಗಿದಿದೆ ಎಂದು ಪತ್ತೆ ಮಾಡಿ

ನಾಲ್ಕು ಪರೀಕ್ಷೆಗಳಿವೆ, ಇದೇ ಅನುಕ್ರಮದಲ್ಲಿ ಮಾಡಿ.

ಮಲಗಿ ಮಡಚುವುದು. ಅಂಗಾತ ಮಲಗಿ, ಎರಡೂ ಮಂಡಿಗಳನ್ನು ಕೈಯಿಂದ ಎದೆಗೆ ಎಳೆದುಕೊಳ್ಳಿ, ಹಿಮ್ಮಡಿ ಪೃಷ್ಠದ ಹತ್ತಿರ ಬರಲಿ. ಇದು ಕುಕ್ಕರಗಾಲಿನದೇ ಆಕಾರ, ತೂಕ ಮಾತ್ರ ಇಲ್ಲ. ನೋವಿಲ್ಲದೆ ಬಂತೆಂದರೆ ನಿಮ್ಮ ಮಂಡಿ ಮತ್ತು ಸೊಂಟದ ಕೀಲು ಆ ಕೋನಕ್ಕೆ ಮಡಚಬಲ್ಲವು. "ಮಂಡಿ ಹೋಯ್ತು" ಎನ್ನುವ ಬಹಳ ಮಂದಿಗೆ ಇಲ್ಲೇ ಆಶ್ಚರ್ಯ ಕಾದಿರುತ್ತದೆ. ಬರಲಿಲ್ಲವೆಂದರೆ, ತೊಡೆಯ ಮುಂಭಾಗ ಬಿಗಿದ ಹಾಗೆ ಅನಿಸಿತೋ, ಕೀಲಿನ ಒಳಗೇ ಏನೋ ಅಡ್ಡ ನಿಂತಂತೆ ಅನಿಸಿತೋ ಗಮನಿಸಿ. ಎರಡನೆಯದಾದರೆ ಮೂಳೆ ವೈದ್ಯರಿಗೆ ತೋರಿಸಿ ಮುಂದುವರಿಯಿರಿ.

ಗೋಡೆಗೆ ಮಂಡಿ ತಾಗಿಸುವುದು. ಗೋಡೆಯ ಎದುರು ನಿಂತು ಒಂದು ಪಾದದ ಹೆಬ್ಬೆರಳನ್ನು ಗೋಡೆಯಿಂದ 10 ಸೆಂ.ಮೀ. ದೂರದಲ್ಲಿಡಿ. ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಿ. ಮಂಡಿ ಎರಡನೇ ಬೆರಳಿನ ನೇರಕ್ಕೇ ಹೋಗಬೇಕು. ಒಳಕ್ಕೆ ವಾಲಿಸಿ ತಾಗಿಸಿದರೆ ಪಾದದ ಕಮಾನು ಕುಸಿದು ಸುಳ್ಳು ಅಳತೆ ಸಿಗುತ್ತದೆ. ತಾಗದಿದ್ದರೆ ಒಂದೊಂದೇ ಸೆಂಟಿಮೀಟರ್ ಹತ್ತಿರ ಬನ್ನಿ. 10 ಅಥವಾ ಹೆಚ್ಚು ಬಂದರೆ ಪಾದದ ಕೀಲು ಚೆನ್ನಾಗಿದೆ. 5ಕ್ಕಿಂತ ಕಡಿಮೆ ಇದ್ದರೆ ಹಿಮ್ಮಡಿ ಊರಿ ಕೂರುವುದು ಸದ್ಯಕ್ಕೆ ಕಷ್ಟ. ಎರಡೂ ಕಾಲಿನ ಅಳತೆ ಬರೆದಿಡಿ. 2 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕೂತಾಗ ದೇಹ ಒಂದು ಕಡೆಗೆ ತಿರುಚುತ್ತದೆ, ಹಳೆಯ ಉಳುಕಿದ ಕಾಲು ಯಾವುದೆಂದು ಆ ಅಂಕಿಯೇ ಹೇಳುತ್ತದೆ.

ಹಿಮ್ಮಡಿಗೆ ಪಟ್ಟಿ ಇಟ್ಟು ಕೂರುವುದು. ಕಿಟಕಿ ಸರಳು ಹಿಡಿದು, ಹಿಮ್ಮಡಿ ಕೆಳಗೆ ಮರದ ಪಟ್ಟಿ ಇಟ್ಟು ನಿಧಾನ ಇಳಿಯಿರಿ. ಪಟ್ಟಿ ಇಟ್ಟ ಕೂಡಲೇ ಸಲೀಸಾಯಿತೆಂದರೆ ತಡೆ ಪಾದದ ಕೀಲಿನಲ್ಲೇ, ಅನುಮಾನವಿಲ್ಲ.

ಕುರ್ಚಿಯಿಂದ ಏಳುವುದು. ಕೈ ಎದೆಗೆ ಕಟ್ಟಿ ಕುರ್ಚಿಯಿಂದ 5 ಸಲ ಎದ್ದು ಕೂರಿ. ಕೈಯೂರದೆ ಒಂದು ಸಲವೂ ಏಳಲಾಗದಿದ್ದರೆ ಬಲವೇ ಮೊದಲ ಕೆಲಸ. ಹಂತ 5ರಿಂದ ಶುರು ಮಾಡಿ, ಹಂತ 3 ಜೊತೆಗೆ ನಡೆಯಲಿ.

## ಹಂತ 3: ಪಾದದ ಕೀಲು ಬಿಡಿಸುವುದು

ಅತಿ ಹೆಚ್ಚು ಶ್ರಮ ವ್ಯರ್ಥವಾಗುವ ಜಾಗ ಇದು.

ಮೀನಖಂಡದಲ್ಲಿ ಎರಡು ದೊಡ್ಡ ಸ್ನಾಯುಗಳಿವೆ. ಹೊರಗೆ ಉಬ್ಬಿ ಕಾಣುವುದು ಗ್ಯಾಸ್ಟ್ರೊಕ್ನೀಮಿಯಸ್, ಅದು ತೊಡೆಮೂಳೆಯ ತಳದಿಂದ ಹೊರಟು ಮಂಡಿಯನ್ನೂ ಪಾದದ ಕೀಲನ್ನೂ ದಾಟುತ್ತದೆ. ಅದರ ಅಡಿಯಲ್ಲಿ ಚಪ್ಪಟೆಯಾಗಿ ಮಲಗಿರುವುದು ಸೋಲಿಯಸ್, ಅದು ಮಂಡಿಯ ಕೆಳಗೆ ಹುಟ್ಟಿ ಪಾದದ ಕೀಲನ್ನು ಮಾತ್ರ ದಾಟುತ್ತದೆ. ಎರಡೂ ಸೇರಿ ಅಕಿಲಿಸ್ ಎಂಬ ದಪ್ಪ ಸ್ನಾಯುರಜ್ಜುವಾಗಿ ಹಿಮ್ಮಡಿ ಮೂಳೆಗೆ ಅಂಟಿಕೊಳ್ಳುತ್ತವೆ. ಮಂಡಿ ಮಡಚಿದಾಗ ಗ್ಯಾಸ್ಟ್ರೊಕ್ನೀಮಿಯಸ್ ತಾನಾಗಿ ಸಡಿಲವಾಗುತ್ತದೆ. ಕುಕ್ಕರಗಾಲಲ್ಲಿ ಮಂಡಿ ಪೂರ್ತಿ ಮಡಚಿರುವುದರಿಂದ ಅಡ್ಡ ಬರುವುದು ಸೋಲಿಯಸ್. ಕಾಲು ನೇರವಾಗಿಟ್ಟು ಗೋಡೆ ತಳ್ಳುತ್ತ ಮೀನಖಂಡ ಎಳೆದುಕೊಳ್ಳುವ ಪರಿಚಿತ ಅಭ್ಯಾಸ ಹೊರಗಿನ ಸ್ನಾಯುವಿಗೆ ಹೋಗುತ್ತದೆ, ಬಿಗಿದಿರುವ ಒಳಗಿನದಕ್ಕೆ ತಲುಪುವುದು ಕಡಿಮೆ. ತಿಂಗಳುಗಟ್ಟಲೆ ಮಾಡಿಯೂ ಗೋಡೆಯ ಅಳತೆ ಕದಲದಿರುವುದು ಇದರಿಂದಲೇ. ಬಗ್ಗಿ ಕಾಲ್ಬೆರಳು ಮುಟ್ಟುತ್ತ ತೊಡೆಯ ಹಿಂಭಾಗ ಎಳೆದುಕೊಳ್ಳುವವರ ಕಥೆಯೂ ಅದೇ, ಮಂಡಿ ಮಡಚಿದರೆ ಆ ಸ್ನಾಯುವೂ ಸಡಿಲ.

ಎಳೆತ. ಪಾದವನ್ನು ಪೂರ್ತಿ ಊರುವಷ್ಟು ಅಗಲದ, ಗಟ್ಟಿಯಾದ ಮೆಟ್ಟಿಲು ಅಥವಾ ಗಿಡ್ಡ ಸ್ಟೂಲಿನ ಮೇಲೆ ಒಂದು ಪಾದ ಇಡಿ. ಕಿಟಕಿ ಸರಳು ಹಿಡಿದು, ಹಿಮ್ಮಡಿ ಒತ್ತಿಕೊಂಡೇ ಮಂಡಿಯನ್ನು ಬೆರಳುಗಳ ಆಚೆಗೆ ನಿಧಾನ ತಳ್ಳಿ. ಎಳೆತ ಮೀನಖಂಡದ ಕೆಳಭಾಗದಲ್ಲಿ, ಹಿಮ್ಮಡಿಗಿಂತ ಒಂದು ಗೇಣು ಮೇಲೆ ಗೊತ್ತಾಗಬೇಕು. 30 ಸೆಕೆಂಡ್ ಹಿಡಿದು ಬಿಡಿ. ಪ್ರತಿ ಕಾಲಿಗೆ 4 ಸಲ, ದಿನಾ.

ಬಲ. ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ 5 ಕೆ.ಜಿ. ಅಕ್ಕಿ ಚೀಲ ಇಟ್ಟು, ಬೆರಳ ತುದಿಯ ಮೇಲೆ ಹಿಮ್ಮಡಿ ಎತ್ತಿ ಇಳಿಸಿ. 15 ಸಲಕ್ಕೆ ಒಂದು ಸುತ್ತು, 3 ಸುತ್ತು. ಇಳಿಸುವುದಕ್ಕೆ ಮೂರು ಎಣಿಸಿ. ಎಳೆದು ಉದ್ದ ಮಾಡಿದ ಸ್ನಾಯುವಿಗೆ ಆ ಉದ್ದದಲ್ಲಿ ಕೆಲಸ ಕೊಡದಿದ್ದರೆ ಸಿಕ್ಕ ಸಡಿಲ ನಿಲ್ಲುವುದಿಲ್ಲ.

ಎಳೆತ ಹಿಂದೆ ಗೊತ್ತಾಗುವ ಬದಲು ಪಾದದ ಮುಂಭಾಗದಲ್ಲಿ, ಕಣಕಾಲು ಮತ್ತು ಪಾದ ಸೇರುವ ಮಡಿಕೆಯಲ್ಲಿ ಚುಚ್ಚಿದರೆ ಅದು ಸ್ನಾಯುವಿನ ಬಿಗಿಯಲ್ಲ. ಅಲ್ಲಿ ಟೇಲಸ್ ಎಂಬ ಮೂಳೆ ಕಣಕಾಲ ಎರಡು ಮೂಳೆಗಳ ನಡುವೆ ಬೆಣೆಯಂತೆ ಕೂತಿದೆ. ಮುಂಬದಿ ಅಗಲ, ಹಿಂಬದಿ ಕಿರಿದು. ಕಣಕಾಲು ಮುಂದೆ ಬಾಗಿದಷ್ಟೂ ಅಗಲ ಭಾಗ ಒಳಗೆ ಸೇರಿ ಬಿಗಿಯಾಗುತ್ತದೆ, ಜೊತೆಗೆ ಟೇಲಸ್ ಕೊಂಚ ಹಿಂದಕ್ಕೆ ಜಾರಬೇಕು. ಹಳೆಯ ಉಳುಕಿನಿಂದ ಆ ಜಾರುವಿಕೆ ನಿಂತಿದ್ದರೆ ಎಷ್ಟು ಎಳೆದರೂ ಪ್ರಯೋಜನವಿಲ್ಲ, ನೋವು ಹೆಚ್ಚುತ್ತದೆ ಅಷ್ಟೆ. ಫಿಸಿಯೋಥೆರಪಿಸ್ಟ್ ಕೈಯಿಂದ ಆ ಮೂಳೆಯನ್ನು ಹಿಂದಕ್ಕೆ ಸರಿಸುವ ಚಿಕಿತ್ಸೆ ಮಾಡುತ್ತಾರೆ, ಅಲ್ಲಿಗೆ ಹೋಗಿ. ಅಂದಹಾಗೆ, ಬಾಲ್ಯದಿಂದ ದಿನವೂ ಕುಕ್ಕರಗಾಲಲ್ಲಿ ಕೂತು ಬೆಳೆದವರ ಕಣಕಾಲ ಮೂಳೆಯ ಕೆಳ ಅಂಚಿನಲ್ಲಿ, ಟೇಲಸ್ ಬಂದು ತಾಗುವ ಕಡೆ, ನುಣುಪಾದ ಪುಟ್ಟ ಗುರುತು ಮೂಡಿರುವುದುಂಟು. ಮೂಳೆಯೂ ಬಳಕೆಗೆ ಹೊಂದಿಕೊಳ್ಳುತ್ತದೆ, ಆದರೆ ನಲವತ್ತರ ಮೇಲೆ ಆರು ವಾರದಲ್ಲಲ್ಲ.

ವಾರಕ್ಕೊಮ್ಮೆ ಮಾತ್ರ ಗೋಡೆಯ ಅಳತೆ ತೆಗೆಯಿರಿ. ದಿನಾ ಅಳೆದರೆ ಬೆಳಗ್ಗೆ ಕಡಿಮೆ, ಸಂಜೆ ಹೆಚ್ಚು ಎಂದು ತಲೆ ಕೆಡುತ್ತದೆ. ತಿಂಗಳಾದರೂ ಒಂದು ಸೆಂಟಿಮೀಟರೂ ಕದಲದಿದ್ದರೆ ಹಿಮ್ಮಡಿಗೆ ಪಟ್ಟಿ ಇಟ್ಟುಕೊಂಡೇ ಮುಂದಿನ ಹಂತಗಳಿಗೆ ಹೋಗಿ, ಅದರಲ್ಲಿ ಅವಮಾನವೇನಿಲ್ಲ.

## ಹಂತ 4: ಪಾದ ಎಷ್ಟು ಅಗಲ ಇಡಬೇಕು

ಎಲ್ಲರಿಗೂ ಒಂದೇ ಅಳತೆ ಹೇಳುವವರನ್ನು ನಂಬಬೇಡಿ. ಸೊಂಟದ ಕೀಲಿನಲ್ಲಿ ತೊಡೆಮೂಳೆಯ ದುಂಡು ತಲೆ ಗುಳಿಯೊಳಗೆ ತಿರುಗುತ್ತದೆ. ಆ ಗುಳಿ ಎಷ್ಟು ಆಳ, ಯಾವ ಕಡೆಗೆ ಮುಖ ಮಾಡಿದೆ ಎಂಬುದು ಒಬ್ಬೊಬ್ಬರಿಗೆ ಒಂದೊಂದು ರೀತಿ. ತೊಡೆಯನ್ನು ನೇರ ಮುಂದಕ್ಕೆ ಮಡಚಿದರೆ ಮೂಳೆಯ ಕತ್ತು ಗುಳಿಯ ಅಂಚಿಗೆ ಬೇಗ ತಾಗುತ್ತದೆ. ತೊಡೆಯನ್ನು ಸ್ವಲ್ಪ ಹೊರಕ್ಕೆ ತಿರುಗಿಸಿದರೆ ಜಾಗ ಸಿಗುತ್ತದೆ.

ನಿಮ್ಮ ಅಗಲ ಹುಡುಕಲು ಚಾಪೆಯ ಮೇಲೆ ಅಂಬೆಗಾಲಲ್ಲಿ ನಿಂತು ಪೃಷ್ಠವನ್ನು ಹಿಮ್ಮಡಿ ಕಡೆಗೆ ತನ್ನಿ. ಮಂಡಿಗಳನ್ನು ಒಮ್ಮೆ ಹತ್ತಿರ, ಒಮ್ಮೆ ಅಗಲ ಇಟ್ಟು ನೋಡಿ. ಯಾವ ಅಗಲದಲ್ಲಿ ಬೆನ್ನು ಗೂನಾಗದೆ ಅತಿ ಹಿಂದಕ್ಕೆ ಹೋಗಬಲ್ಲಿರೋ, ನಿಂತಾಗ ಪಾದಗಳ ನಡುವೆ ಹೆಚ್ಚುಕಡಿಮೆ ಅಷ್ಟೇ ಅಗಲವಿರಲಿ. ಬೆರಳುಗಳು 15ರಿಂದ 30 ಡಿಗ್ರಿ ಹೊರಕ್ಕೆ ತಿರುಗಿರಲಿ, ಮಂಡಿಯೂ ಅದೇ ದಿಕ್ಕಿಗೆ ನೋಡಲಿ. ಬೆರಳು ಹೊರಕ್ಕೆ, ಮಂಡಿ ಒಳಕ್ಕೆ ಹೋದರೆ ಮಂಡಿ ತಿರುಚುತ್ತದೆ. ಮಂಡಿ ಮುಖ್ಯವಾಗಿ ಬಾಗಿಲ ಬಿಜಾಗರಿಯಂಥ ಕೀಲು. ಮಡಚಿದಾಗ ಕೊಂಚ ತಿರುಗಬಲ್ಲದಾದರೂ ತೂಕ ಹೊತ್ತು ತಿರುಚುವುದು ಅದಕ್ಕೆ ಆಗಿಬರುವುದಿಲ್ಲ.

ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಹಿಮ್ಮಡಿ. ಈ ಮೂರೂ ನೆಲಕ್ಕೆ ಒತ್ತಿರಬೇಕು. ಹೆಬ್ಬೆರಳಿನ ಬುಡ ಎದ್ದರೆ ಮಂಡಿಯನ್ನು ಅತಿಯಾಗಿ ಹೊರಕ್ಕೆ ತಳ್ಳಿದ್ದೀರಿ.

## ಹಂತ 5: ಮೊದಲು ಏಳುವುದನ್ನು ಕಲಿಯಿರಿ

ಒಂದು ಲೆಕ್ಕ. 60 ಕೆ.ಜಿ. ತೂಕದವರಲ್ಲಿ ಎರಡು ಮಂಡಿಗಳ ಮೇಲೆ ಹೊರೆಯಾಗಿ ಬರುವ ಭಾಗ ಸುಮಾರು 52 ಕೆ.ಜಿ., ಒಂದೊಂದು ಮಂಡಿಗೆ 26. ಕೂತು ಏಳುವ ಗಳಿಗೆಯಲ್ಲಿ ಬೆನ್ನು ನೆಟ್ಟಗಿದ್ದರೆ ಆ ತೂಕದ ಗೆರೆ ಮಂಡಿಯಿಂದ 20 ಸೆಂ.ಮೀ. ಹಿಂದಿದೆ ಎಂದಿಟ್ಟುಕೊಳ್ಳಿ. ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಮಂಡಿಚಿಪ್ಪಿನ ಮೂಲಕ ಎಳೆಯುವುದು ಕೀಲಿನಿಂದ ಸುಮಾರು 4 ಸೆಂ.ಮೀ. ದೂರದಲ್ಲಿ. 20ನ್ನು 4ರಿಂದ ಭಾಗಿಸಿದರೆ 5. ಅಂದರೆ ಒಂದೊಂದು ತೊಡೆ 26ರ ಐದು ಪಟ್ಟು, 130 ಕೆ.ಜಿ. ಎಳೆಯಬೇಕು. ಮಂಡಿಚಿಪ್ಪು ಆ 4 ಸೆಂ.ಮೀ.ಯನ್ನು ಕೊಡುವ ರಾಟೆಯ ಹಾಗೆ. ಅದಿಲ್ಲದಿದ್ದರೆ ದೂರ ಇನ್ನೂ ಕಡಿಮೆಯಾಗಿ ಹೊರೆ ಇನ್ನೂ ಏರುತ್ತಿತ್ತು.

ಈಗ ಸೊಂಟದಿಂದ ಮುಂದೆ ಬಾಗಿ. ತೂಕದ ಗೆರೆ ಮಂಡಿಯ ಕಡೆಗೆ ಸರಿದು 10 ಸೆಂ.ಮೀ.ಗೆ ಬಂದರೆ ತೊಡೆಯ ಪಾಲು ಅರ್ಧಕ್ಕಿಳಿದು 65 ಕೆ.ಜಿ. ಆಯಿತು. ಉಳಿದ ಹೊಣೆ ಪೃಷ್ಠದ ಗ್ಲೂಟಿಯಸ್ ಮ್ಯಾಕ್ಸಿಮಸ್‌ಗೆ ಹೋಯಿತು, ದೇಹದ ಅತಿ ದೊಡ್ಡ ಸ್ನಾಯು ಅದು, ಹೊರಲಿ ಬಿಡಿ. ಏಳಲಾಗದವರು ಬೆನ್ನು ನೆಟ್ಟಗಿಟ್ಟು ಏಳಲು ನೋಡುತ್ತಾರೆ. ಬಿದ್ದುಬಿಡುವ ಭಯದಿಂದ ಮುಂದೆ ಬಾಗುವುದಿಲ್ಲ. ಆ ಭಯವೇ ಮಂಡಿಗೆ ಎರಡರಷ್ಟು ಭಾರ ಹೊರಿಸುವುದು.

1. ಕುರ್ಚಿಯ ಅಂಚಿಗೆ ಸರಿಯಿರಿ. ಹಿಮ್ಮಡಿಗಳು ಮಂಡಿಯ ನೇರಕ್ಕಿಂತ ಒಂದು ಅಂಗೈಯಷ್ಟು ಹಿಂದಿರಲಿ.
2. ಎರಡೂ ಕೈ ಮುಂದೆ ಚಾಚಿ, ಬೆನ್ನು ಗೂನಾಗಿಸದೆ ಸೊಂಟದಿಂದ ಬಾಗಿ. ಮೂಗು ಕಾಲ್ಬೆರಳುಗಳ ಮೇಲೆ ಬರಲಿ.
3. ಪೃಷ್ಠ ಹಗುರಾಗಿ ತಾನೇ ಎದ್ದಂತಾಗುತ್ತದೆ. ಆಗ ಪಾದದಿಂದ ನೆಲ ಒತ್ತಿ, ಉಸಿರು ಬಿಡುತ್ತ ಏಳಿ. ಉಸಿರು ಕಟ್ಟಬೇಡಿ.
4. ಪೂರ್ತಿ ನೆಟ್ಟಗೆ ನಿಂತು ಪೃಷ್ಠ ಬಿಗಿಹಿಡಿಯಿರಿ.
5. ಕೂರುವಾಗ ನಾಲ್ಕು ಎಣಿಸುತ್ತ ಇಳಿಯಿರಿ. ಸದ್ದಾಗಬಾರದು.

ಏಳುವಾಗ ಒಂದು ಕೈ ತೊಡೆಯ ಮುಂದೆ, ಇನ್ನೊಂದು ಹಿಂದೆ ಇಟ್ಟು ನೋಡಿ. ಎರಡೂ ಕಡೆ ಗಟ್ಟಿಯಾಗುತ್ತದೆ. ಹಿಂದಿನ ಹ್ಯಾಮ್‌ಸ್ಟ್ರಿಂಗ್ ಮಂಡಿ ಮಡಚುವ ಸ್ನಾಯುವಲ್ಲವೇ, ನೀಳ ಮಾಡುವಾಗ ಅದೇಕೆ ಬಿಗಿಯಬೇಕು? ಅದು ಸೊಂಟವನ್ನೂ ದಾಟುತ್ತದೆ, ಅಲ್ಲಿ ಅದರ ಎಳೆತಕ್ಕೆ ಮಂಡಿಯಲ್ಲಿರುವುದಕ್ಕಿಂತ ಹೆಚ್ಚು ಹಿಡಿತವಿದೆ. ಸೊಂಟ ನೀಳವಾಗುತ್ತದೆ, ಮಂಡಿಯನ್ನು ಕ್ವಾಡ್ರಿಸೆಪ್ಸ್ ಗೆಲ್ಲುತ್ತದೆ. ವಾರೆನ್ ಲೊಂಬಾರ್ಡ್ ಎಂಬ ಶರೀರಶಾಸ್ತ್ರಜ್ಞ 1903ರಲ್ಲಿ ಈ ವಿಚಿತ್ರವನ್ನು ವಿವರಿಸಿದ, ಇಂದಿಗೂ ಅದು ಅವನ ಹೆಸರಿನಲ್ಲೇ ಇದೆ. ನಮಗೆ ಬೇಕಾದದ್ದಿಷ್ಟು: ತೊಡೆಯ ಮುಂಭಾಗವನ್ನಷ್ಟೇ ಬೆಳೆಸುವ ಯಂತ್ರದ ವ್ಯಾಯಾಮಕ್ಕಿಂತ ಎದ್ದು ಕೂರುವುದೇ ಈ ಕೆಲಸಕ್ಕೆ ಒಳ್ಳೆಯ ಅಭ್ಯಾಸ.

10 ಸಲಕ್ಕೆ ಒಂದು ಸುತ್ತು, 3 ಸುತ್ತು, ನಡುವೆ ಎರಡು ನಿಮಿಷ ವಿರಾಮ. ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ. 45 ಸೆಂ.ಮೀ.ಯಿಂದ ಏಳಲಾಗದವರು ಕುರ್ಚಿಯ ಮೇಲೆ ಕಂಬಳಿ ಮಡಚಿಟ್ಟು 55 ಮಾಡಿಕೊಳ್ಳಲಿ. ವಯಸ್ಸಾಯಿತೆಂದು ಬಿಡಬೇಕಿಲ್ಲ, 80 ದಾಟಿದವರ ಸ್ನಾಯುವೂ ಅಭ್ಯಾಸಕ್ಕೆ ಬಲ ಪಡೆಯುತ್ತದೆ.

ಮೊದಲ ವಾರ ತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿಯುವುದೂ ಕಷ್ಟವಾದೀತು. ಇಳಿಯುವಾಗ ಸ್ನಾಯು ಉದ್ದವಾಗುತ್ತಲೇ ತೂಕ ತಡೆಯುತ್ತದೆ, ಅಂಥ ಹೊಸ ಕೆಲಸದ ನೋವು ಒಂದೆರಡು ದಿನದಲ್ಲಿ ಹೆಚ್ಚಿ ಆಮೇಲೆ ಇಳಿಯುತ್ತದೆ. ಸ್ನಾಯುವಿನ ಮಾಂಸದಲ್ಲಿ ನೋವಿದ್ದರೆ ಚಿಂತೆ ಬೇಡ. ಮಂಡಿಚಿಪ್ಪಿನ ಅಡಿಯಲ್ಲಿ ಅಥವಾ ಕೀಲಿನ ಗೆರೆಯ ಉದ್ದಕ್ಕೂ ನೋವಿದ್ದರೆ ಎತ್ತರ ಹೆಚ್ಚಿಸಿ.

## ಹಂತ 6: ಎತ್ತರ ಇಳಿಸುವುದು

ಕೈಯಿಲ್ಲದೆ, ಸದ್ದಿಲ್ಲದೆ 10 ಸಲದ 3 ಸುತ್ತು ಸತತ ಎರಡು ಅಭ್ಯಾಸದ ದಿನ ಬಂದರೆ 5 ಸೆಂ.ಮೀ. ಇಳಿಸಿ. ಕುರ್ಚಿಯಿಂದ ಸ್ಟೂಲಿಗೆ ಒಂದೇ ಸಲ ಹಾರಬೇಡಿ. ಸ್ಟೂಲಿನ ಮೇಲೆ ಪುಸ್ತಕ ಪೇರಿಸಿ ಒಂದೊಂದಾಗಿ ತೆಗೆಯುತ್ತ ಬನ್ನಿ. 40, 35, 30, 25.

ಮಂಡಿ ಸುಮಾರು ಲಂಬಕೋನದಲ್ಲಿರುವಾಗ ಮಂಡಿಚಿಪ್ಪು ತೊಡೆಮೂಳೆಗೆ ಒತ್ತುವ ಬಲ ಅತಿ ಹೆಚ್ಚಿರುತ್ತದೆ. ಹಾಗಾಗಿ 40ರಿಂದ 30ರ ನಡುವೆ ಹಲವರು ಸಿಕ್ಕಿಕೊಳ್ಳುತ್ತಾರೆ. ಇಲ್ಲಿ ಎರಡು ವಾರ ಹೆಚ್ಚು ಹಿಡಿದರೂ ಅವಸರ ಬೇಡ. ಇನ್ನೂ ಕೆಳಗಿಳಿದರೆ ತೊಡೆಯ ಹಿಂಭಾಗ ಮೀನಖಂಡಕ್ಕೆ ಒತ್ತಿಕೊಂಡು ಒಂದಷ್ಟು ತೂಕ ಹೊತ್ತುಕೊಳ್ಳುತ್ತದೆ. ತಳದಲ್ಲಿ ಕೂರುವುದು ಅರ್ಧದಲ್ಲಿ ನಿಲ್ಲುವುದಕ್ಕಿಂತ ಸುಲಭ ಅನಿಸುವುದು ಅದಕ್ಕೇ.

ಇಲ್ಲಿ ಆಗುವ ದೊಡ್ಡ ತಪ್ಪು, ಕೊನೆಯ ನಾಲ್ಕು ಬೆರಳು ಎತ್ತರ ಇರುವಾಗ ದೇಹವನ್ನು ಬಿಟ್ಟುಕೊಡುವುದು. ಮಂಡಿಯೊಳಗೆ ತೊಡೆಮೂಳೆಗೂ ಕಣಕಾಲ ಮೂಳೆಗೂ ನಡುವೆ ಮೆನಿಸ್ಕಸ್ ಎಂಬ ಎರಡು ಅರ್ಧಚಂದ್ರಾಕಾರದ ಮೆತ್ತೆಗಳಿವೆ. ಪೂರ್ತಿ ಮಡಚಿದಾಗ ಅವುಗಳ ಹಿಂಬದಿಯ ಕೊಂಬು ಮೂಳೆಗಳ ನಡುವೆ ಒತ್ತಿಕೊಂಡಿರುತ್ತದೆ. ಆ ಸ್ಥಿತಿಗೆ ಧೊಪ್ಪನೆ ಬೀಳುವುದಾಗಲಿ, ಅಲ್ಲಿ ಕೂತೇ ಪಕ್ಕದ ಬಿಂದಿಗೆಗೆ ತಿರುಗಿ ಕೈಹಾಕುವುದಾಗಲಿ ಅದನ್ನು ಹರಿಯಬಲ್ಲದು. ತಿರುಗಬೇಕಾದರೆ ಪಾದ ಎತ್ತಿಟ್ಟು ಇಡೀ ದೇಹ ತಿರುಗಿ.

## ಹಂತ 7: ತಳದಲ್ಲಿ ಕೂರುವುದು

25 ಸೆಂ.ಮೀ.ಯಿಂದ ಸಲೀಸಾಗಿ ಏಳುವವರು ಮಣೆಗೆ ಬನ್ನಿ. ಮಣೆಯ ಮೇಲೆ ಎರಡು ಪುಸ್ತಕ, ಆಮೇಲೆ ಬರೀ ಮಣೆ, ಆಮೇಲೆ ಏನೂ ಇಲ್ಲ. ಬೀಳುವ ಹೆದರಿಕೆ ಇದ್ದರೆ ಮಣೆ ಬೆನ್ನ ಹಿಂದೆ ಇದ್ದೇ ಇರಲಿ. ಎರಡೂ ಕೈಯಲ್ಲಿ ಒಂದೆರಡು ಕೆ.ಜಿ. ಬೇಳೆಯ ಪೊಟ್ಟಣ ಹಿಡಿದು ಎದೆಯ ಮುಂದೆ ಚಾಚಿ ಇಳಿಯಿರಿ. ತೂಕ ಹೆಚ್ಚಾದರೂ ಕೂರುವುದು ಸುಲಭವಾಗುತ್ತದೆ, ಹಂತ 1ರ ಲೆಕ್ಕ ನೆನಪಿಸಿಕೊಳ್ಳಿ.

ಕಣಕಾಲ ಮುಂಭಾಗದ ಸ್ನಾಯು ಉರಿಯತೊಡಗಿದರೆ ದೇಹ ಹಿಂದಕ್ಕೆ ಬೀಳದಂತೆ ಅದೊಂದೇ ಎಳೆದು ಹಿಡಿದಿದೆ ಎಂದರ್ಥ. ಹಿಮ್ಮಡಿಗೆ ಪಟ್ಟಿ ಹಾಕಿ, ಹಂತ 3 ಮುಂದುವರಿಸಿ. ಪಟ್ಟಿಯ ದಪ್ಪವನ್ನು ಎರಡು ವಾರಕ್ಕೊಮ್ಮೆ ಅರ್ಧ ಸೆಂ.ಮೀ.ಯಂತೆ ಇಳಿಸಬಹುದು.

ತಳದಲ್ಲಿ ಸೊಂಟ ಕೊಂಚ ಒಳಕ್ಕೆ ಮಡಚಿ ಬೆನ್ನಿನ ಕೆಳಭಾಗ ಗೂನಾಗುವುದು ಸಹಜ, ಸೊಂಟದ ಕೀಲಿನ ಮಡಚುವಿಕೆ ಅಲ್ಲಿಗೆ ಮುಗಿದಿರುತ್ತದೆ. ಬರಿ ಮೈಯ ತೂಕಕ್ಕೆ ಅದರಿಂದ ತೊಂದರೆಯಿಲ್ಲ. ಆದರೆ ಆ ಗೂನು ಬೆನ್ನಿನಲ್ಲೇ ಸಿಲಿಂಡರ್ ಅಥವಾ ನೀರು ತುಂಬಿದ ಬಕೆಟ್ ಎತ್ತಲು ಹೋಗಬೇಡಿ.

30 ಸೆಕೆಂಡಿನಿಂದ ಶುರು ಮಾಡಿ. ದಿನಕ್ಕೆ ಹಲವು ಸಲ ಸೇರಿ 5 ನಿಮಿಷ ಆದರೆ ಸಾಕು. ಕಳೆ ಕೀಳುವವರು, ಟೈಲ್ಸ್ ಕೂರಿಸುವವರು ಗಂಟೆಗಟ್ಟಲೆ ಹಾಗೇ ಕೂರುವುದುಂಟು, ಅದು ಬೇರೆಯೇ ವಿಷಯ. ಮಂಡಿಯ ಹೊರಬದಿಯಲ್ಲಿ ಸ್ವಲ್ಪ ಕೆಳಗೆ ಕೈಗೆ ಸಿಗುವ ಮೂಳೆಯ ಗುಬುಟನ್ನು ಸುತ್ತಿಕೊಂಡು ಒಂದು ನರ ಹಾದುಹೋಗುತ್ತದೆ, ಚರ್ಮದ ಅಡಿಯಲ್ಲೇ. ಬಹಳ ಹೊತ್ತು ಮಡಚಿ ಕೂತರೆ ಅದು ಒತ್ತಿ, ಪಾದ ಮೇಲಕ್ಕೆತ್ತಲಾಗದೆ ನಡೆಯುವಾಗ ಬೆರಳು ನೆಲಕ್ಕೆ ತಗಲುತ್ತದೆ. ಕೆಲಸಕ್ಕಾಗಿ ಕೂರುವವರು ಹತ್ತು ನಿಮಿಷಕ್ಕೊಮ್ಮೆಯಾದರೂ ಎದ್ದು ನಾಲ್ಕು ಹೆಜ್ಜೆ ಹಾಕಿ.

## ನಿಲ್ಲಿಸಬೇಕಾದ ಸೂಚನೆಗಳು

ಮಂಡಿಯಲ್ಲಿ ಲಟಿಕೆ ಸದ್ದು ಬಂದು ನೋವಿಲ್ಲವೆಂದರೆ ಲೆಕ್ಕಕ್ಕಿಲ್ಲ. ಕೆಳಗಿನವು ಹಾಗಲ್ಲ:

- ಅಭ್ಯಾಸದ ಮರುದಿನ ಮಂಡಿ ಊದಿ, ಚಿಪ್ಪಿನ ಅಂಚು ಕಾಣದಂತಾಗುವುದು. ಊತ ಇಳಿಯುವವರೆಗೆ ನಿಲ್ಲಿಸಿ, ಮತ್ತೆ ಬಂದರೆ ವೈದ್ಯರಿಗೆ ತೋರಿಸಿ.
- ಮಂಡಿ ನಡುವೆ ಎಲ್ಲೋ ಸಿಕ್ಕಿಕೊಂಡು ನೀಳವಾಗದಿರುವುದು, ಅಥವಾ ನಡೆಯುವಾಗ ಹಠಾತ್ತನೆ ಕುಸಿಯುವುದು.
- ತೊಡೆಸಂದಿಯ ಮುಂಭಾಗದಲ್ಲಿ ಚಿವುಟಿದಂಥ ನೋವು. ಪಾದ ಅಗಲ ಮಾಡಿ ನೋಡಿ, ಹೋಗದಿದ್ದರೆ ಕೆಳಗಿಳಿಯಬೇಡಿ.
- ಎದ್ದ ಮೇಲೂ ಪಾದದ ಮೇಲ್ಭಾಗದ ಜೋಮು ಹೋಗದಿರುವುದು, ಹೆಬ್ಬೆರಳು ಮೇಲೆತ್ತಲು ಬಾರದಿರುವುದು.
- ಒಂದೇ ಮೀನಖಂಡ ಊದಿ, ಬಿಸಿಯಾಗಿ, ಒತ್ತಿದರೆ ನೋಯುವುದು. ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು, ತಿಕ್ಕಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.
- ಮೀನಖಂಡಕ್ಕೆ ಯಾರೋ ಒದ್ದಂತಾಗಿ, ಬೆರಳ ತುದಿಯಲ್ಲಿ ನಿಲ್ಲಲಾಗದಿರುವುದು. ಅಕಿಲಿಸ್ ಹರಿದಿರುವ ಸಾಧ್ಯತೆ ಇದೆ.

## ಇಷ್ಟಾದರೂ ಬಾರದವರಿಗೆ: ನೆಲದಿಂದ ಏಳುವ ಇನ್ನೊಂದು ದಾರಿ

ಪಾದದ ಕೀಲು ಬಿಟ್ಟುಕೊಡದವರು, ಮಂಡಿ ಸವೆದವರು ಕುಕ್ಕರಗಾಲಿನ ಮೂಲಕವೇ ಏಳಬೇಕೆಂದಿಲ್ಲ. ಮಂಡಿಯನ್ನು ನೆಲಕ್ಕೂರಲು ಆಗುವವರಿಗೆ ಈ ದಾರಿ.

1. ಚಕ್ಕಳಮಕ್ಕಳ ಬಿಟ್ಟು ಎರಡೂ ಕಾಲನ್ನು ಒಂದೇ ಬದಿಗೆ ಮಡಚಿ. ಇನ್ನೊಂದು ಬದಿಗೆ ಎರಡೂ ಅಂಗೈ ಊರಿ.
2. ಕೈಗಳ ಮೇಲೆ ತೂಕ ಹಾಕಿ ಅಂಬೆಗಾಲಿಗೆ ಬನ್ನಿ. ಮಂಡಿ ನೋಯುವವರು ಕೆಳಗೆ ಟವೆಲ್ ಮಡಚಿಟ್ಟುಕೊಳ್ಳಿ.
3. ಸ್ಟೂಲಿನ ಹತ್ತಿರ ಅಂಬೆಗಾಲಲ್ಲೇ ಹೋಗಿ, ಎರಡೂ ಕೈ ಅದರ ಮೇಲಿಡಿ.
4. ಬಲವಿರುವ ಕಾಲಿನ ಪಾದವನ್ನು ಮುಂದೆ ತಂದು ಪೂರ್ತಿ ಊರಿ. ದುರ್ಬಲ ಕಾಲಿನ ಬೆರಳುಗಳನ್ನು ಹಿಂದೆ ನೆಲಕ್ಕೆ ಮಡಚಿಡಿ.
5. ಮೂಗನ್ನು ಮುಂದಿನ ಪಾದದ ಮೇಲೆ ತಂದು, ಉಸಿರು ಬಿಡುತ್ತ ಕೈ ಮತ್ತು ಪಾದ ಒಟ್ಟಿಗೆ ಒತ್ತಿ ಏಳಿ.
6. ಪೂರ್ತಿ ನಿಲ್ಲುವ ಮುನ್ನ ಸ್ಟೂಲಿನ ಮೇಲೆ ಕೈ ಇಟ್ಟೇ ಎರಡು ಸಲ ಉಸಿರಾಡುವಷ್ಟು ಹೊತ್ತು ಕಾಯಿರಿ, ತಲೆ ಸುತ್ತುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಕೈ ಬಿಡಿ.

ಮನೆಯಲ್ಲಿ ಹಿರಿಯರಿದ್ದರೆ ಅವರು ಗಟ್ಟಿಯಾಗಿರುವಾಗಲೇ ಹಗಲು ಹೊತ್ತು, ಯಾರಾದರೂ ಪಕ್ಕದಲ್ಲಿದ್ದು, ವಾರಕ್ಕೆ ಎರಡು ಸಲ ಇದನ್ನು ಮಾಡಿಸಿ. ಬಿದ್ದ ದಿನ ಹೇಳಿಕೊಡಲು ಹೊರಟರೆ ಆರು ಮೆಟ್ಟಿಲಲ್ಲಿ ಎರಡನೆಯದೂ ನೆನಪಿಗೆ ಬರುವುದಿಲ್ಲ.